ಆನ್‌ಲೈನ್ ಕೋರ್ಸ್‌ನಲ್ಲಿ ಲಿನಕ್ಸ್ ಅಡ್ಮಿನ್ ಕಲಿಯುವವರಿಗೆ: ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಚ್ಚರ ಬೇಕು

ಮೈಸೂರು, ಮಂಡ್ಯ ಕಡೆಯಿಂದ ಆನ್‌ಲೈನ್ ಡಿಗ್ರಿಗೋ ಸರ್ಟಿಫಿಕೇಟ್ ಕೋರ್ಸ್‌ಗೋ ಸೇರಿ, ಅದರಲ್ಲಿ ಲಿನಕ್ಸ್ ಪೇಪರ್ ತೆಗೆದುಕೊಂಡವರು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು. ‘ವಿಡಿಯೊ ಎಲ್ಲಾ ನೋಡಿದೆ, ಅರ್ಥ ಆಯ್ತು. ಲ್ಯಾಬ್‌ಗೆ ಕೂತರೆ ಮಾತ್ರ ಏನೂ ಓಡಲ್ಲ.’ ಎಲ್ಲಿ ನಿಂತುಹೋಯಿತು ಅಂತ ಕೇಳಿದರೆ ಉತ್ತರಗಳೂ ಅವೇ. ವರ್ಚುವಲ್ ಮಷಿನ್ (ಲ್ಯಾಪ್‌ಟಾಪ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಶುರುವಾಗಲಿಲ್ಲ. ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಕೆಲಸ ಮಾಡುತ್ತಿಲ್ಲ. ಪರ್ಮಿಷನ್ 777 (ಎಲ್ಲರಿಗೂ ಎಲ್ಲಾ ಅನುಮತಿ) ಕೊಟ್ಟರೂ ಫೈಲ್ ತೆರೆಯುತ್ತಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಸಾಫ್ಟ್‌ವೇರ್ ಹಾಕಲು ಬಿಡುತ್ತಿಲ್ಲ.

ಇದಕ್ಕೆ ದಡ್ಡತನ ಕಾರಣ ಅಲ್ಲ, ಕ್ರಮ ಕಾರಣ. ಸಿಲಬಸ್‌ನಲ್ಲಿ ಕಮಾಂಡ್‌ಗಳ ಪಟ್ಟಿ ಮೊದಲು ಬರುತ್ತದೆ, ಲಾಗ್ (ಏನಾಯಿತು ಅಂತ ಸಿಸ್ಟಮ್ ಬರೆದಿಡುವ ದಾಖಲೆ) ಓದುವುದು ಕೊನೆಯ ಅಧ್ಯಾಯಕ್ಕೆ ಹೋಗುತ್ತದೆ. ಕೈಯಲ್ಲಿ ಮಾಡಿ ಕಲಿಯುವವರಿಗೆ ಆ ಕ್ರಮ ಒಗ್ಗುವುದಿಲ್ಲ. ಕೆಟ್ಟರೂ ನಷ್ಟವಾಗದಂತೆ ಮೊದಲು ವ್ಯವಸ್ಥೆ ಮಾಡಿಕೊಳ್ಳಬೇಕು. ಆಮೇಲೆ ಪರ್ಮಿಷನ್, ಅದಾದ ಮೇಲೆ ಲಾಗ್. ಈ ಮೂರು ಕೈಗೆ ಬಂದರೆ ಉಳಿದದ್ದನ್ನು ಪುಸ್ತಕ ನೋಡಿಯೇ ಮಾಡಬಹುದು.

ಕಮಾಂಡ್‌ಗಳನ್ನು ಇಲ್ಲಿ ಫೋನಿನಲ್ಲಿ ಹೇಳಿಕೊಡುವ ಹಾಗೆ, ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಸ್ಪೆಲ್ಲಿಂಗ್‌ಗೆ ಕೋರ್ಸ್‌ನ ನೋಟ್ಸ್ ಪಕ್ಕದಲ್ಲಿರಲಿ.

## ಏನೇನು ಬೇಕು

8 ಜಿಬಿ ರ‍್ಯಾಮ್ ಇರುವ 64 ಬಿಟ್ ಲ್ಯಾಪ್‌ಟಾಪ್, 40 ಜಿಬಿ ಖಾಲಿ ಜಾಗ, ವರ್ಚುವಲ್‌ಬಾಕ್ಸ್ (ವರ್ಚುವಲ್ ಮಷಿನ್ ಓಡಿಸುವ ಸಾಫ್ಟ್‌ವೇರ್), ಉಬುಂಟು ಸರ್ವರ್ 24.04 (ಲಿನಕ್ಸ್‌ನ ಒಂದು ಬಗೆ), ಒಂದು ನೋಟ್‌ಬುಕ್. 24.04 ಬಂದಿದ್ದು 2024ರ ಏಪ್ರಿಲ್‌ನಲ್ಲಿ. ಅದಕ್ಕೆ ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಹಾಗಾಗಿ ಕೋರ್ಸ್ ನಡುವೆ ವರ್ಷನ್ ಬದಲಿಸುವ ತಲೆನೋವಿಲ್ಲ. ನಿಮ್ಮ ಕೋರ್ಸ್ ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್ ಕೇಳಿದರೆ ಅದನ್ನೇ ಹಾಕಿ. ಅಲ್ಲಿ ಸಾಫ್ಟ್‌ವೇರ್ ಹಾಕಲು ಆಪ್ಟ್ ಬದಲು ಡಿಎನ್‌ಎಫ್ ಕಮಾಂಡ್ ಇರುತ್ತದೆ, ಫೈರ್‌ವಾಲ್ ಬೇರೆ. ಮೂಲ ವಿಷಯ ಮಾತ್ರ ಇದೇ.

4 ಜಿಬಿ ಲ್ಯಾಪ್‌ಟಾಪ್ ಇದ್ದವರು ಕೈಬಿಡಬೇಡಿ. ಡೆಸ್ಕ್‌ಟಾಪ್ ಇಲ್ಲದ ಸರ್ವರ್ ಆವೃತ್ತಿ 1.5 ಜಿಬಿಯಲ್ಲೂ ನಿಧಾನವಾಗಿ ಓಡುತ್ತದೆ. ಬರೀ ಫೋನ್ ಇರುವವರು ಟರ್ಮಕ್ಸ್‌ನಲ್ಲಿ ಕಮಾಂಡ್ ಅಭ್ಯಾಸ ಮಾಡಬಹುದು, ಆದರೆ ಅದರಲ್ಲಿ ಸಿಸ್ಟಮ್‌ಡಿ (ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಇಲ್ಲ. ಸರ್ವಿಸ್ ನಡೆಸುವ ಪಾಠಕ್ಕೆ ಅದು ಸಾಲದು.

ಡೌನ್‌ಲೋಡ್ ಸುಮಾರು 3 ಜಿಬಿ ಇದೆ. ಮೊಬೈಲಿನ ದಿನದ ಡೇಟಾದಲ್ಲಿ ಅರ್ಧಕ್ಕೇ ನಿಲ್ಲಬಹುದು. ಬ್ರಾಡ್‌ಬ್ಯಾಂಡ್ ಇರುವ ಸ್ನೇಹಿತರ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರುವುದೇ ವಾಸಿ.

## ಹಂತ 1: ಲ್ಯಾಪ್‌ಟಾಪ್ ಸಿದ್ಧವೇ ನೋಡಿ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಒತ್ತಿ. ಕೆಳಗೆ ‘ವರ್ಚುವಲೈಸೇಷನ್: ಎನೇಬಲ್ಡ್’ ಅಂತ ಇರಬೇಕು. ‘ಡಿಸೇಬಲ್ಡ್’ ಇದ್ದರೆ ವರ್ಚುವಲ್‌ಬಾಕ್ಸ್‌ನಲ್ಲಿ ಏನು ಮಾಡಿದರೂ ಉಪಯೋಗವಿಲ್ಲ. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಒತ್ತಿ ಬಯಾಸ್‌ಗೆ ಹೋಗಿ ಆನ್ ಮಾಡಬೇಕು. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್ ಅಥವಾ ವರ್ಚುವಲೈಸೇಷನ್ ಟೆಕ್ನಾಲಜಿ. ಎಎಂಡಿಯಲ್ಲಿ ಎಸ್‌ವಿಎಂ.

ಎಚ್ಚರ: ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಆನ್ ಇರುವ ಲ್ಯಾಪ್‌ಟಾಪ್, ಬಯಾಸ್ ಬದಲಿಸಿದ ಮೇಲೆ ರಿಕವರಿ ಕೀ ಕೇಳಬಹುದು. ಆ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮನೆಯವರ ಲ್ಯಾಪ್‌ಟಾಪ್ ಆಗಿದ್ದರಂತೂ ಅವರನ್ನು ಕೇಳದೆ ಕೈ ಹಾಕಬೇಡಿ.

ಮಷಿನ್ ಓಡುವಾಗ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ, ವಿಂಡೋಸ್‌ನದೇ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಹೈಪರ್-ವಿ ನಡುವೆ ನಿಂತಿದೆ ಎಂದರ್ಥ. ಕೆಲಸ ಆಗುತ್ತದೆ, ಆದರೆ ಬಲು ನಿಧಾನ.

## ಹಂತ 2: ಇಳಿಸಿದ ಫೈಲ್ ಪೂರ್ತಿ ಬಂದಿದೆಯೇ

ಈ ಹಂತವನ್ನು ಬಹಳ ಜನ ಬಿಡುತ್ತಾರೆ. ಆಮೇಲೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು ‘ಸ್ಕ್ವಾಷ್‌ಎಫ್‌ಎಸ್ ಎರರ್’ ಅಂತ ಸಾಲುಗಟ್ಟಿ ಬರುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’, ಫೈಲಿನ ಹೆಸರು, ‘ಎಸ್‌ಎಚ್‌ಎ256’ ಅಂತ ಕೊಡಿ. ಬಂದ ಉದ್ದನೆಯ ಸಾಲನ್ನು ಉಬುಂಟು ತಾಣದಲ್ಲಿ ಕೊಟ್ಟಿರುವ ಸಾಲಿಗೆ ಹೋಲಿಸಿ. ಒಂದಕ್ಷರ ಬೇರೆ ಇದ್ದರೂ ಮತ್ತೆ ಇಳಿಸಿ.

## ಹಂತ 3: ಮಷಿನ್ ಕಟ್ಟಿ, ಸ್ನ್ಯಾಪ್‌ಶಾಟ್ ತೆಗೆಯಿರಿ

ಹೊಸ ಮಷಿನ್‌ಗೆ 2 ಜಿಬಿ ರ‍್ಯಾಮ್, 2 ಸಿಪಿಯು, 25 ಜಿಬಿ ಡಿಸ್ಕ್ ಕೊಡಿ. ಇಲ್ಲಿ ಒಂದು ದೊಡ್ಡ ಹೊಂಡ ಇದೆ. ವರ್ಚುವಲ್‌ಬಾಕ್ಸ್ 7ರಲ್ಲಿ ಐಎಸ್‌ಒ ಫೈಲ್ (ಇಳಿಸಿಕೊಂಡ ಉಬುಂಟು ಫೈಲ್) ತೋರಿಸಿದ ತಕ್ಷಣ ಅದು ‘ಅನ್‌ಅಟೆಂಡೆಡ್ ಇನ್‌ಸ್ಟಾಲ್’ಗೆ ಹೊರಡುತ್ತದೆ. ಸುಮ್ನೆ ನೆಕ್ಸ್ಟ್ ಒತ್ತುತ್ತಾ ಹೋದರೆ ‘ವಿಬಾಕ್ಸ್‌ಯೂಸರ್’ ಎಂಬ ಬಳಕೆದಾರ, ‘ಚೇಂಜ್‌ಮಿ’ ಎಂಬ ಪಾಸ್‌ವರ್ಡ್ ತಾನೇ ಬರುತ್ತದೆ. ಆ ಬಳಕೆದಾರನಿಗೆ ಸುಡೊ ಅಧಿಕಾರ ಇರುವುದಿಲ್ಲ. ‘ಸುಡೊ ಕೆಲಸ ಮಾಡುತ್ತಿಲ್ಲ’ ಎನ್ನುವವರಲ್ಲಿ ಬಹಳ ಜನ ಸಿಕ್ಕಿಬಿದ್ದಿರುವುದು ಇಲ್ಲೇ. ‘ಸ್ಕಿಪ್ ಅನ್‌ಅಟೆಂಡೆಡ್’ ಎಂಬ ಚೌಕಕ್ಕೆ ಟಿಕ್ ಹಾಕಿ, ಇನ್‌ಸ್ಟಾಲ್ ಅನ್ನು ನೀವೇ ಮಾಡಿ.

ಇನ್‌ಸ್ಟಾಲ್‌ನಲ್ಲಿ ನಾಲ್ಕು ಕಡೆ ನಿಂತು ಯೋಚಿಸಿ:

- ಕೀಬೋರ್ಡ್‌ಗೆ ಇಂಗ್ಲಿಷ್ ಯುಎಸ್ ಆರಿಸಿ. ಯುಕೆ ಆರಿಸಿದರೆ @ ಮತ್ತು " ಅದಲುಬದಲಾಗುತ್ತವೆ. ಪಾಸ್‌ವರ್ಡ್‌ನಲ್ಲಿ @ ಇಟ್ಟವರು ಆಮೇಲೆ ಒಳಗೆ ಹೋಗಲಾರದೆ ಪರದಾಡುತ್ತಾರೆ.
- ಡಿಸ್ಕ್ ಪರದೆಯಲ್ಲಿ ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಟಿಕ್ ಆಗಿರುತ್ತದೆ. 25 ಜಿಬಿ ಕೊಟ್ಟರೂ ರೂಟ್‌ಗೆ (ಸಿಸ್ಟಮ್ ಕೂರುವ ಮುಖ್ಯ ಭಾಗಕ್ಕೆ) ಅದು ಅರ್ಧದಷ್ಟನ್ನೇ ಕೊಡುತ್ತದೆ. ಅಲ್ಲೇ ‘ಉಬುಂಟು-ಎಲ್‌ವಿ’ಯನ್ನು ಎಡಿಟ್ ಮಾಡಿ ಪೂರ್ತಿ ಜಾಗ ಕೊಡಿ.
- ‘ಓಪನ್‌ಎಸ್‌ಎಸ್‌ಎಚ್ ಸರ್ವರ್’ಗೆ ಟಿಕ್ ಹಾಕಿ, ಬೇರೆ ಕಡೆಯಿಂದ ಲಾಗಿನ್ ಆಗಲು ಅದು ಬೇಕು.
- ಕೊನೆಗೆ ಬರುವ ಡಾಕರ್, ನೆಕ್ಸ್ಟ್‌ಕ್ಲೌಡ್ ಪಟ್ಟಿಯಲ್ಲಿ ಏನನ್ನೂ ಆರಿಸಬೇಡಿ.

ಮೊದಲ ಲಾಗಿನ್ ಆದ ಮೇಲೆ ಸಮಯ ಸರಿಮಾಡಿ: ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಜೋನ್ ಏಷ್ಯಾ/ಕೋಲ್ಕತಾ’. ಏಷ್ಯಾ, ಕೋಲ್ಕತಾ ಎಂಬ ಈ ಎರಡು ಹೆಸರುಗಳ ಮೊದಲಕ್ಷರ ಮಾತ್ರ ದೊಡ್ಡಕ್ಷರ. ಮಷಿನ್ ಆಫ್ ಮಾಡಿ, ಸ್ನ್ಯಾಪ್‌ಶಾಟ್ (ಮಷಿನ್‌ನ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವುದು) ತೆಗೆದು ‘ಹೊಸದು’ ಅಂತ ಹೆಸರಿಡಿ. ಇನ್ನು ಮುಂದೆ ಪ್ರತಿ ಪಾಠಕ್ಕೂ ಮುಂಚೆ ಒಂದು ಸ್ನ್ಯಾಪ್‌ಶಾಟ್. ಕೆಟ್ಟರೆ ಎರಡು ನಿಮಿಷದಲ್ಲಿ ವಾಪಸ್ ಬರಬಹುದು ಅಂತ ಗೊತ್ತಿದ್ದವರೇ ಧೈರ್ಯವಾಗಿ ಪ್ರಯತ್ನ ಮಾಡುತ್ತಾರೆ. ಹಳೆಯವನ್ನು ಆಗಾಗ ಅಳಿಸುತ್ತಿರಿ, ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಜಾಗವೇ ಮುಗಿಯುತ್ತದೆ.

## ಹಂತ 4: ಓಡಾಡುವುದು

ಪಿಡಬ್ಲ್ಯುಡಿ (ಎಲ್ಲಿದ್ದೇವೆ), ಎಲ್‌ಎಸ್ (ಏನೇನಿದೆ), ಸಿಡಿ (ಬೇರೆ ಫೋಲ್ಡರಿಗೆ ಹೋಗು), ಸಿಪಿ (ನಕಲಿಸು), ಎಂವಿ (ಸರಿಸು), ಲೆಸ್ (ಫೈಲ್ ಓದು). ಇವಿಷ್ಟನ್ನು ಒಂದು ವಾರ ಆಡಿಸಿ ಸಾಕು. ಟ್ಯಾಬ್ ಕೀ ಒತ್ತಿ ಹೆಸರು ಪೂರ್ತಿ ಮಾಡಿಸುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ, ಸ್ಪೆಲ್ಲಿಂಗ್ ತಪ್ಪುಗಳು ಮುಕ್ಕಾಲು ಪಾಲು ಹೋಗುತ್ತವೆ.

ಹೊಸಬರನ್ನು ಹೆದರಿಸುವ ಮೂರು ಸಣ್ಣ ವಿಷಯಗಳಿವೆ. ಪಾಸ್‌ವರ್ಡ್ ಒತ್ತುವಾಗ ಪರದೆಯಲ್ಲಿ ಚುಕ್ಕಿ ಕೂಡ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಅದು ಹಾಗೆಯೇ. ನೋಟ್ಸ್‌ನಲ್ಲಿ ಸಾಲಿನ ಮುಂದಿರುವ $ ಚಿಹ್ನೆ ಕಮಾಂಡ್‌ನ ಭಾಗ ಅಲ್ಲ, ಕಾಪಿ ಮಾಡಬೇಡಿ. ವಾಟ್ಸಾಪ್‌ನಲ್ಲಿ ಕನ್ನಡ ಬರೆಯಲು ಬದಲಿಸಿದ ಕೀಬೋರ್ಡ್ ಹಾಗೇ ಉಳಿದಿದ್ದರೆ ಟರ್ಮಿನಲ್‌ನಲ್ಲಿ ಏನೂ ಸರಿಯಾಗಿ ಬರುವುದಿಲ್ಲ.

ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಓಡಾಡುತ್ತಾ ಪಾಠ ನೋಡುವವರಿಗೆ ಒಂದು ಮಾತು. ಚನ್ನಪಟ್ಟಣ ದಾಟುವಾಗ ಸಿಗ್ನಲ್ ಹೋಯಿತು ಅಂತ ಕೈಕಟ್ಟಿ ಕೂರಬೇಡಿ. ‘ಮ್ಯಾನ್ ಎಲ್‌ಎಸ್’, ‘ಮ್ಯಾನ್ ಸಿಎಚ್‌ಮಾಡ್’ ಅಂತ ಕೊಟ್ಟರೆ ಆ ಕಮಾಂಡ್‌ನ ಕೈಪಿಡಿ ಪುಟ ಬರುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಮ್ಯಾನ್ ಪುಟದಲ್ಲಿ / ಒತ್ತಿ ಪದ ಹುಡುಕಿ, ಎಕ್ಸಾಂಪಲ್ ಭಾಗವಿದ್ದರೆ ಅದನ್ನು ಮೊದಲು ಓದಿ.

ಎಚ್ಚರ: ‘ಆರ್‌ಎಂ -ಆರ್‌ಎಫ್’ (ಫೋಲ್ಡರನ್ನು ಕೇಳದೆಯೇ ಅಳಿಸುವ ಕಮಾಂಡ್) ಬರೆದ ಮೇಲೆ ಎಂಟರ್ ಒತ್ತುವ ಮುನ್ನ ಇಡೀ ಸಾಲನ್ನು ಇನ್ನೊಮ್ಮೆ ಓದಿ. ನಡುವೆ ಒಂದು ಸ್ಪೇಸ್ ಜಾಸ್ತಿ ಬಿದ್ದರೂ ಬೇರೆಯದೇ ಫೋಲ್ಡರ್ ಅಳಿಸಿಹೋಗುತ್ತದೆ. ಅಳಿಸಿದ್ದು ಯಾವ ಕಸದ ಬುಟ್ಟಿಗೂ ಹೋಗುವುದಿಲ್ಲ.

## ಹಂತ 5: ಬಳಕೆದಾರರು ಮತ್ತು ಪರ್ಮಿಷನ್

ಇಲ್ಲಿ ಎರಡು ವಾರ ನಿಲ್ಲಿ. ಅವಸರ ಬೇಡ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತವೆ.

ಪುಸ್ತಕದ ಉದಾಹರಣೆ ಬಿಡಿ, ನಮ್ಮ ಕಡೆಯ ಲೆಕ್ಕ ತಗೊಳ್ಳಿ. ಪಾಂಡವಪುರದ ಒಂದು ಆಲೆಮನೆ. ಬೆಲ್ಲದ ಲೆಕ್ಕ ಬರೆಯುವವರು ರವಿ ಮತ್ತು ಸುಮಾ. ಮಂಜು ಅಲ್ಲಿ ಕೆಲಸ ಮಾಡುತ್ತಾನೆ, ಆದರೆ ಲೆಕ್ಕ ನೋಡಬಾರದು. ‘ಆ್ಯಡ್‌ಯೂಸರ್’ನಿಂದ ಮೂವರನ್ನೂ ಸೃಷ್ಟಿಸಿ. ‘ಗ್ರೂಪ್‌ಆ್ಯಡ್ ಲೆಕ್ಕ’ ಅಂತ ಗುಂಪು ಮಾಡಿ. ರವಿ, ಸುಮಾ ಇಬ್ಬರನ್ನೂ ‘ಯೂಸರ್‌ಮಾಡ್ -ಎಜಿ ಲೆಕ್ಕ’ ಕೊಟ್ಟು ಗುಂಪಿಗೆ ಸೇರಿಸಿ. ಇಲ್ಲಿ ‘ಎ’ ಸಣ್ಣದು, ‘ಜಿ’ ದೊಡ್ಡದು. ಆಮೇಲೆ /ಎಸ್‌ಆರ್‌ವಿ/ಲೆಕ್ಕ ಎಂಬ ಫೋಲ್ಡರ್ ಮಾಡಿ, ಅದಕ್ಕೆ ‘ಸಿಎಚ್‌ಓನ್ ರೂಟ್:ಲೆಕ್ಕ’ (ಮಾಲೀಕ ಮತ್ತು ಗುಂಪು), ‘ಸಿಎಚ್‌ಮಾಡ್ 2770’ (ಪರ್ಮಿಷನ್) ಕೊಡಿ. ಎಲ್ಲದರ ಮುಂದೂ ಸುಡೊ.

ಎಚ್ಚರ: ಆ ಸಣ್ಣ ‘ಎ’ ಬಿಟ್ಟು ಬರೀ ‘-ಜಿ’ ಕೊಟ್ಟರೆ, ಬಳಕೆದಾರ ಉಳಿದ ಗುಂಪುಗಳಿಂದ ಹೊರಬೀಳುತ್ತಾನೆ. ನಿಮ್ಮದೇ ಖಾತೆಗೆ ಹಾಗೆ ಮಾಡಿದರೆ ಸುಡೊ ಗುಂಪೂ ಹೋಯಿತು. ಮುಂದಿನ ಲಾಗಿನ್‌ನಲ್ಲಿ ‘ನಾಟ್ ಇನ್ ದ ಸುಡೋಯರ್ಸ್ ಫೈಲ್’ ಅಂತ ಬರುತ್ತದೆ. ಸ್ನ್ಯಾಪ್‌ಶಾಟ್ ಬೆಲೆ ಆಗ ಗೊತ್ತಾಗುತ್ತದೆ.

2770ರಲ್ಲಿ ಮೊದಲ 7 ಮಾಲೀಕನಿಗೆ, ಎರಡನೆಯ 7 ಗುಂಪಿಗೆ, 0 ಬೇರೆಯವರಿಗೆ. 7 ಎಂದರೆ ಪೂರ್ತಿ ಅನುಮತಿ, 0 ಎಂದರೆ ಏನೂ ಇಲ್ಲ. ಎಲ್ಲಕ್ಕೂ ಮೊದಲು ಆ 2 ಇರುವುದರಿಂದ, ರವಿ ಅಲ್ಲಿ ಹೊಸ ಫೈಲ್ ಮಾಡಿದರೂ ಅದರ ಗುಂಪು ತಾನಾಗಿ ‘ಲೆಕ್ಕ’ ಆಗುತ್ತದೆ. ಈ 2 ಇಲ್ಲದಿದ್ದರೆ ರವಿಯ ಫೈಲ್‌ಗೆ ರವಿಯ ಸ್ವಂತ ಗುಂಪು ಬಂದು, ಸುಮಾ ಅದರಲ್ಲಿ ಬರೆಯಲಾರಳು. ಎರಡನ್ನೂ ಮಾಡಿ ನೋಡಿ, ‘ಎಲ್‌ಎಸ್ -ಎಲ್’ನಲ್ಲಿ ವ್ಯತ್ಯಾಸ ಕಾಣುತ್ತದೆ. ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬರಬೇಕು. ಬಾರದಿದ್ದರೆ ಹೊಸ ಗುಂಪು ಹತ್ತುವುದಿಲ್ಲ. ಅನುಮಾನ ಬಂದರೆ ‘ಐಡಿ’ ಕಮಾಂಡ್ ಕೊಟ್ಟು ನೋಡಿ.

ಇನ್ನೊಂದು ಪ್ರಯೋಗ ತಪ್ಪದೆ ಮಾಡಿ. ಫೋಲ್ಡರಿಗೆ 2760 ಕೊಡಿ, ಎಂದರೆ ಗುಂಪಿಗೆ ಆರ್ (ಓದು) ಮತ್ತು ಡಬ್ಲ್ಯು (ಬರೆ) ಇದೆ, ಎಕ್ಸ್ (ಒಳಗೆ ಹೋಗು) ಇಲ್ಲ. ಈಗ ಸುಮಾ ಆಗಿ ಲಾಗಿನ್ ಆಗಿ ‘ಎಲ್‌ಎಸ್ -ಎಲ್ /ಎಸ್‌ಆರ್‌ವಿ/ಲೆಕ್ಕ’ ಕೊಟ್ಟರೆ ಫೈಲುಗಳ ಹೆಸರು ಕಾಣುತ್ತದೆ. ಆದರೆ ಗಾತ್ರ, ಮಾಲೀಕ, ತಾರೀಖು ಇರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಫೋಲ್ಡರ್‌ಗೆ ಆರ್ ಎಂದರೆ ಹೆಸರುಗಳನ್ನು ಓದಬಹುದು ಅಷ್ಟೇ. ಒಳಗೆ ಹೋಗಲು ಎಕ್ಸ್ ಬೇಕು. ಆ ಪ್ರಶ್ನೆ ಚಿಹ್ನೆಗಳನ್ನು ಒಮ್ಮೆ ಕಣ್ಣಾರೆ ಕಂಡವರು ಎಕ್ಸ್ ಅನ್ನು ಮರೆಯುವುದಿಲ್ಲ.

777ಕ್ಕೂ ಉತ್ತರ ಇಲ್ಲೇ ಇದೆ. ವೆಬ್ ಪುಟವನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿಟ್ಟು, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೆ ಅದರ ದಾರಿ ತೋರಿಸುತ್ತೀರಿ. ಬ್ರೌಸರ್‌ನಲ್ಲಿ 403 (ಅನುಮತಿ ಇಲ್ಲ) ಬರುತ್ತದೆ. ಫೈಲಿಗೆ 777 ಕೊಡುತ್ತೀರಿ, ಆದರೂ 403. ಯಾಕೆಂದರೆ ಅಡ್ಡಿ ಫೈಲಿನದಲ್ಲ. ಉಬುಂಟುವಿನಲ್ಲಿ ಹೋಮ್ ಫೋಲ್ಡರ್‌ನ ಪರ್ಮಿಷನ್ 750, ಹೊರಗಿನ ಬಳಕೆದಾರನಿಗೆ ಬಾಗಿಲಲ್ಲೇ ತಡೆ. ‘ನೇಮ್‌ಐ -ಎಲ್’ ಜೊತೆಗೆ ಫೈಲಿನ ಪೂರ್ತಿ ದಾರಿ ಕೊಡಿ. ಎಲ್ಲಕ್ಕೂ ಮೇಲಿನ / ಫೋಲ್ಡರಿನಿಂದ ಫೈಲಿನವರೆಗೆ ಪ್ರತಿ ಮೆಟ್ಟಿಲಿನ ಪರ್ಮಿಷನ್ ಸಾಲಾಗಿ ತೋರಿಸುತ್ತದೆ, ಎಲ್ಲಿ ಎಕ್ಸ್ ಇಲ್ಲವೋ ಅಲ್ಲೇ ತೊಂದರೆ. ಪುಟವನ್ನು /ವಿಎಆರ್/ಡಬ್ಲ್ಯುಡಬ್ಲ್ಯುಡಬ್ಲ್ಯು ಒಳಗಿಟ್ಟರೆ ಈ ರಗಳೆಯೇ ಇಲ್ಲ.

‘ಸಿಎಚ್‌ಮಾಡ್ -ಆರ್ 777’ ಅನ್ನು /ಇಟಿಸಿ ಮೇಲೆ ಎಂದೂ ಓಡಿಸಬೇಡಿ. ಅದರೊಳಗಿನ ಸುಡೋಯರ್ಸ್ ಫೈಲನ್ನು (ಸುಡೊ ಅಧಿಕಾರ ಯಾರಿಗೆ ಎಂಬ ಪಟ್ಟಿ) ಯಾರು ಬೇಕಾದರೂ ತಿದ್ದುವಂತಾದರೆ ಸುಡೊ ಕೆಲಸ ಮಾಡಲು ಒಪ್ಪುವುದಿಲ್ಲ. ಎಸ್‌ಎಸ್‌ಎಚ್ ಕೂಡ ಹಾಗೆಯೇ, ಪ್ರೈವೇಟ್ ಕೀ ಫೈಲನ್ನು ಬೇರೆಯವರೂ ಓದುವಂತಿದ್ದರೆ ಅದನ್ನು ಮುಟ್ಟುವುದಿಲ್ಲ. ಆ ಫೈಲಿಗೆ 600 ಇರಬೇಕು. ಸುಡೋಯರ್ಸ್ ತಿದ್ದಲು ‘ವಿಸುಡೊ’ ಬಳಸಿ, ತಪ್ಪಿದ್ದರೆ ಉಳಿಸುವ ಮುನ್ನವೇ ಹೇಳುತ್ತದೆ.

## ಹಂತ 6: ಪ್ಯಾಕೇಜ್

‘ಸುಡೊ ಆಪ್ಟ್ ಅಪ್‌ಡೇಟ್’ ಪಟ್ಟಿಯನ್ನು ಹೊಸದು ಮಾಡುತ್ತದೆ, ‘ಅಪ್‌ಗ್ರೇಡ್’ ಸಾಫ್ಟ್‌ವೇರನ್ನು. ಮೊದಲಿನದ್ದು ಮಾಡದೆ ಎರಡನೆಯದಕ್ಕೆ ಹೋಗಬೇಡಿ.

- ‘ಕುಡ್ ನಾಟ್ ಗೆಟ್ ಲಾಕ್’ ಬಂದರೆ, ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿದೆ. ಕಾಯಿರಿ. ಲಾಕ್ ಫೈಲ್ ಅಳಿಸಲು ಹೇಳುವ ಸಲಹೆ ಕೇಳಬೇಡಿ.
- ನಡುವೆ ಕರೆಂಟ್ ಹೋಗಿ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಬಂದರೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್’.
- ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಬಂದರೆ ತಪ್ಪು ಗಡಿಯಾರದ್ದು. ಸೇವ್ ಮಾಡಿಟ್ಟ ಮಷಿನ್ ಎಬ್ಬಿಸಿದಾಗ ಅದರ ಸಮಯ ಹಿಂದೆ ಉಳಿದಿರುತ್ತದೆ. ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಊರಿನಲ್ಲಿದ್ದು, ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ, ಅಪ್‌ಗ್ರೇಡ್‌ಗೆ ಕೈ ಹಾಕುವ ಹೊತ್ತನ್ನು ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಕಿಟಕಿಯ ಮೂಲೆಯ × ಗುರುತು ಒತ್ತಿ ಮುಚ್ಚಬೇಡಿ. ‘ಸುಡೊ ಪವರ್‌ಆಫ್’ ಕೊಡಿ.

## ಹಂತ 7: ಸರ್ವಿಸ್ ಮತ್ತು ಲಾಗ್

ಈ ಪೇಪರ್‌ನ ಜೀವ ಇರುವುದು ಇಲ್ಲಿ. ಎಂಜಿನ್‌ಎಕ್ಸ್ ಹಾಕಿ. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂಜಿನ್‌ಎಕ್ಸ್’ ಕೊಟ್ಟರೆ ಹಸಿರಿನಲ್ಲಿ ‘ಆ್ಯಕ್ಟಿವ್’ ಕಾಣಬೇಕು. ಅಲ್ಲೇ ‘ಎನೇಬಲ್ಡ್’ ಎಂಬ ಪದವನ್ನೂ ನೋಡಿ. ‘ಸ್ಟಾರ್ಟ್’ ಎಂದರೆ ಈಗ ಓಡು, ‘ಎನೇಬಲ್’ ಎಂದರೆ ಪ್ರತಿ ಸಲ ಬೂಟ್ ಆದಾಗಲೂ ಓಡು. ಉಬುಂಟು ಎರಡನ್ನೂ ತಾನೇ ಮಾಡುತ್ತದೆ. ರಾಕಿಯಲ್ಲಿ ನೀವೇ ‘ಎನೇಬಲ್ --ನೌ’ ಕೊಡಬೇಕು.

ಈಗ ಬೇಕೆಂದೇ ಕೆಡಿಸಿ. ಸ್ನ್ಯಾಪ್‌ಶಾಟ್ ತೆಗೆದು, ಎಂಜಿನ್‌ಎಕ್ಸ್‌ನ ‘ಸೈಟ್ಸ್-ಅವೇಲಬಲ್’ ಒಳಗಿನ ‘ಡಿಫಾಲ್ಟ್’ ಫೈಲನ್ನು ‘ಸುಡೊ ನ್ಯಾನೊ’ದಿಂದ ತೆರೆಯಿರಿ. ‘ಲಿಸನ್ 80’ ಸಾಲಿನ ಕೊನೆಯ ಅರ್ಧವಿರಾಮ ತೆಗೆದು ಉಳಿಸಿ, ರೀಸ್ಟಾರ್ಟ್ ಕೊಡಿ. ‘ಜಾಬ್ ಫಾರ್ ಎಂಜಿನ್‌ಎಕ್ಸ್ ಸರ್ವಿಸ್ ಫೇಲ್ಡ್’ ಅಂತ ಬರುತ್ತದೆ. ಬಹಳ ಜನ ಇದನ್ನೇ ಗೂಗಲ್‌ಗೆ ಹಾಕುತ್ತಾರೆ. ಅದು ಸುದ್ದಿ ಮಾತ್ರ, ಕಾರಣ ಅಲ್ಲ.

ಕಾರಣಕ್ಕೆ ‘ಸುಡೊ ಎಂಜಿನ್‌ಎಕ್ಸ್ -ಟಿ’ ಕೊಡಿ. ‘ಇನ್‌ವ್ಯಾಲಿಡ್ ಪ್ಯಾರಾಮೀಟರ್ "ಲಿಸನ್"’, ಅದರ ಪಕ್ಕದಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ. ಆ ಸಂಖ್ಯೆಯ ಸಾಲಿಗೆ ಹೋದರೆ ಅಲ್ಲಿ ಎಲ್ಲಾ ಸರಿಯಾಗಿಯೇ ಇದೆ! ತಪ್ಪು ಅದರ ಮೇಲಿನ ಸಾಲಿನಲ್ಲಿದೆ. ಅರ್ಧವಿರಾಮ ಸಿಗದ ಕಾರಣ ಎಂಜಿನ್‌ಎಕ್ಸ್ ಮುಂದಿನ ಸಾಲನ್ನೂ ಸೇರಿಸಿ ಓದಿ, ಅಲ್ಲಿ ಎಡವಿದೆ. ಎರರ್ ತೋರಿಸಿದ ಸಾಲಿನ ಜೊತೆಗೆ ಅದರ ಮೇಲಿನ ಸಾಲನ್ನೂ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

‘-ಟಿ’ ಸೌಲಭ್ಯ ಇಲ್ಲದ ಸರ್ವಿಸ್‌ಗಳಿಗೆ ‘ಸುಡೊ ಜರ್ನಲ್‌ಸಿಟಿಎಲ್ -ಯು’, ಸರ್ವಿಸ್ ಹೆಸರು, ‘-ಬಿ’ ಕೊಡಿ. ಈ ಬೂಟ್‌ನಿಂದ ಇಲ್ಲಿಯವರೆಗಿನ ಲಾಗ್ ಬರುತ್ತದೆ. ಕೊನೆಯ ಸಾಲು ನೋಡಿ ನಿಲ್ಲಬೇಡಿ, ಮೇಲಕ್ಕೆ ಹೋಗಿ ಮೊದಲ ಎರರ್ ಹುಡುಕಿ. ಆಮೇಲಿನವು ಹೆಚ್ಚಾಗಿ ಅದರ ಪರಿಣಾಮ.

‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಬಂದರೆ ಆ ಪೋರ್ಟ್‌ನಲ್ಲಿ ಬೇರೆ ಯಾರೋ ಕೂತಿದ್ದಾರೆ. ಅಪಾಚೆ (ಇನ್ನೊಂದು ವೆಬ್ ಸರ್ವರ್) ಮತ್ತು ಎಂಜಿನ್‌ಎಕ್ಸ್ ಎರಡನ್ನೂ ಹಾಕಿದವರಿಗೆ ಇದು ಬಂದೇ ಬರುತ್ತದೆ. ‘ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ’ ಯಾರೆಂದು ತೋರಿಸುತ್ತದೆ.

ಓಡುತ್ತಿರುವ ಸರ್ವರ್‌ನಲ್ಲಿ ಕಾನ್ಫಿಗ್ ಬದಲಿಸಿದ ಮೇಲೆ ‘ರೀಲೋಡ್’ ಕೊಡಿ, ‘ರೀಸ್ಟಾರ್ಟ್’ ಅಲ್ಲ. ಕಾನ್ಫಿಗ್ ತಪ್ಪಿದ್ದರೆ ರೀಲೋಡ್ ಹಳೆಯದನ್ನೇ ಓಡಿಸುತ್ತಿರುತ್ತದೆ. ರೀಸ್ಟಾರ್ಟ್ ಮೊದಲು ನಿಲ್ಲಿಸಿ, ಆಮೇಲೆ ಏಳಲಾರದೆ ಮಲಗುತ್ತದೆ.

## ಹಂತ 8: ನೆಟ್‌ವರ್ಕ್ ಮತ್ತು ಎಸ್‌ಎಸ್‌ಎಚ್

‘ಐಪಿ ಎ’ ಕೊಟ್ಟರೆ 10.0.2.15 ಕಾಣುತ್ತದೆ. ಇದು ವರ್ಚುವಲ್‌ಬಾಕ್ಸ್‌ನ ಒಳಗಿನ ವಿಳಾಸ, ವಿಂಡೋಸ್‌ನಿಂದ ನೇರವಾಗಿ ತಲುಪುವುದಿಲ್ಲ. ನೆಟ್‌ವರ್ಕನ್ನು ಬ್ರಿಡ್ಜ್ಡ್ ಮಾಡಿ (ಮಷಿನ್‌ಗೆ ವೈಫೈನಲ್ಲೇ ಬೇರೆ ವಿಳಾಸ ಕೊಡಿಸಿ) ಅಂತ ಕೆಲವರು ಹೇಳುತ್ತಾರೆ. ಹಾಸ್ಟೆಲ್, ಪಿಜಿ ವೈಫೈಗಳಲ್ಲಿ ಅದು ಎಷ್ಟೋ ಸಲ ನಡೆಯುವುದಿಲ್ಲ. ಮೊದಲೇ ಇರುವ ನ್ಯಾಟ್ (ಲ್ಯಾಪ್‌ಟಾಪ್ ಮೂಲಕವೇ ಹೊರಗೆ ಹೋಗುವ ವ್ಯವಸ್ಥೆ) ಹಾಗೇ ಇಟ್ಟು ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹೋಸ್ಟ್ 2222, ಗೆಸ್ಟ್ 22 ಹಾಕಿ. ಪವರ್‌ಶೆಲ್‌ನಲ್ಲಿ ‘ಎಸ್‌ಎಸ್‌ಎಚ್ -ಪಿ 2222’, ಆಮೇಲೆ ನಿಮ್ಮ ಬಳಕೆದಾರ ಹೆಸರು, @127.0.0.1.

ಫೈರ್‌ವಾಲ್ ಆನ್ ಮಾಡುವ ಮುಂಚೆ ‘ಸುಡೊ ಯುಎಫ್‌ಡಬ್ಲ್ಯು ಅಲೋ ಓಪನ್‌ಎಸ್‌ಎಸ್‌ಎಚ್’. ಅದಾದ ಮೇಲೆಯೇ ‘ಎನೇಬಲ್’. ಕ್ರಮ ತಿರುವುಮುರುವಾದರೆ ಹೊರಗೆ ಉಳಿಯುತ್ತೀರಿ. ವರ್ಚುವಲ್‌ಬಾಕ್ಸ್‌ನಲ್ಲಿ ಪರದೆ ಮುಂದೆಯೇ ಇದೆ, ಸರಿಮಾಡಬಹುದು. ಬಾಡಿಗೆ ಸರ್ವರ್‌ನಲ್ಲಿ ಆ ಅನುಕೂಲ ಸುಲಭಕ್ಕೆ ಸಿಗುವುದಿಲ್ಲ. ಎಸ್‌ಎಸ್‌ಎಚ್ ಕಾನ್ಫಿಗ್ ಬದಲಿಸುವಾಗಲೂ ಒಂದು ಸಂಪರ್ಕ ತೆರೆದೇ ಇಟ್ಟು, ಎರಡನೆಯ ಕಿಟಕಿಯಿಂದ ಪರೀಕ್ಷಿಸಿ.

## ಹಂತ 9: ಡಿಸ್ಕ್ ಮತ್ತು ಬ್ಯಾಕಪ್

ಆಫ್ ಮಾಡಿದ ಮಷಿನ್‌ಗೆ 2 ಜಿಬಿಯ ಎರಡನೇ ಡಿಸ್ಕ್ ಸೇರಿಸಿ. ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು, ಗಾತ್ರ ನೋಡಿ ಹೊಸದು ಯಾವುದೆಂದು ಖಾತ್ರಿ ಮಾಡಿಕೊಂಡ ಮೇಲೆ ಫಾರ್ಮ್ಯಾಟ್ ಮಾಡಿ. ಎಸ್‌ಡಿಎ ಮತ್ತು ಎಸ್‌ಡಿಬಿ ನಡುವೆ ಒಂದೇ ಅಕ್ಷರದ ವ್ಯತ್ಯಾಸ.

/ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಸೇರಿಸಬೇಕೆಂಬ ಪಟ್ಟಿ) ಸಾಲು ಸೇರಿಸುವಾಗ ಡಿಸ್ಕ್ ಹೆಸರಿನ ಬದಲು ಯುಯುಐಡಿ (ಅದರ ಗುರುತಿನ ಸಂಖ್ಯೆ) ಬರೆಯಿರಿ, ‘ನೋಫೇಲ್’ (ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲದಿರಲಿ) ಸೇರಿಸಿ. ರೀಬೂಟ್‌ಗೆ ಮುಂಚೆ ‘ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ’ ಮತ್ತು ‘ಸುಡೊ ಮೌಂಟ್ -ಎ’ ಎರಡೂ ತಕರಾರಿಲ್ಲದೆ ಮುಗಿಯಬೇಕು. ‘ನೋಫೇಲ್’ ಇಲ್ಲದ ಸಾಲಿನಲ್ಲಿ ತಪ್ಪಿದ್ದರೆ ಮಷಿನ್ ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ಉಬುಂಟುವಿನಲ್ಲಿ ರೂಟ್ ಖಾತೆ ಲಾಕ್ ಆಗಿದ್ದರೂ ಅಲ್ಲಿ ಎಂಟರ್ ಒತ್ತಿದರೆ ಒಳಗೆ ಬಿಡುತ್ತದೆ, ಆ ಸಾಲನ್ನು ತಿದ್ದಿ ರೀಬೂಟ್ ಮಾಡಿ.

ಆ ಡಿಸ್ಕ್‌ಗೆ ಆಲೆಮನೆ ಲೆಕ್ಕವನ್ನು ‘ಟಾರ್’ನಿಂದ ಬ್ಯಾಕಪ್ ಮಾಡಿ, ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ತಾನೇ ಓಡಿಸುವ ವ್ಯವಸ್ಥೆ) ಹಾಕಿ. ಕ್ರಾನ್‌ನಲ್ಲಿ ಪ್ರತಿ ಕಮಾಂಡ್‌ಗೂ ಪೂರ್ತಿ ದಾರಿ ಬರೆಯಿರಿ. ಟರ್ಮಿನಲ್‌ನಲ್ಲಿ ಓಡಿದ್ದು ಕ್ರಾನ್‌ನಲ್ಲಿ ಓಡದಿರಲು ಮುಖ್ಯ ಕಾರಣ ಅದೇ. ಬ್ಯಾಕಪ್ ಫೈಲ್ ಬಂದಿದೆ ಅಂತ ಬಿಡಬೇಡಿ. ಬೇರೊಂದು ಫೋಲ್ಡರಿನಲ್ಲಿ ಬಿಚ್ಚಿ, ಲೆಕ್ಕದ ಫೈಲ್ ತೆರೆದು ಓದಿ.

## ಹಂತ 10: ಅಸೈನ್‌ಮೆಂಟ್ ಒಪ್ಪಿಸುವಾಗ

ಬರೀ ಸ್ಕ್ರೀನ್‌ಶಾಟ್ ಕಳಿಸಿದರೆ ಏನು ಮಾಡಿದಿರಿ ಎನ್ನುವುದು ಪೂರ್ತಿ ಕಾಣುವುದಿಲ್ಲ. ಕೆಲಸ ಶುರು ಮಾಡುವಾಗ ‘ಸ್ಕ್ರಿಪ್ಟ್ ಪಾಠ1’ ಅಂತ ಕೊಡಿ. ಮುಗಿದ ಮೇಲೆ ‘ಎಕ್ಸಿಟ್’. ಟೈಪ್ ಮಾಡಿದ್ದು, ಬಂದ ಉತ್ತರ ಎಲ್ಲಾ ಆ ಫೈಲಿನಲ್ಲಿ ಇರುತ್ತದೆ. ಮಷಿನ್‌ನ ಹೋಸ್ಟ್‌ನೇಮ್‌ಗೆ ನಿಮ್ಮ ರೋಲ್ ನಂಬರ್ ಇಟ್ಟರೆ ಪ್ರತಿ ಸಾಲಿನಲ್ಲೂ ಅದು ಕಾಣುತ್ತದೆ. ಫೈಲಿಗೆ ಪಾಸ್‌ವರ್ಡ್ ಬಿದ್ದಿದೆಯೇ ಅಂತ ಕಳಿಸುವ ಮುನ್ನ ನೋಡಿ. ಪಾಸ್‌ವರ್ಡ್ ಕೇಳುವಾಗ ಒತ್ತಿದ್ದು ದಾಖಲಾಗುವುದಿಲ್ಲ, ಆದರೆ ಕಮಾಂಡ್ ಸಾಲಿನಲ್ಲೇ ಬರೆದಿದ್ದರೆ ಹಾಗೇ ಇರುತ್ತದೆ.

ಲ್ಯಾಬ್ ಪರೀಕ್ಷೆಯಲ್ಲಿ ಕೊನೆಯ ಹದಿನೈದು ನಿಮಿಷ ಉಳಿಸಿಕೊಳ್ಳಿ. ಆಗ ಮಷಿನ್ ರೀಬೂಟ್ ಮಾಡಿ, ಸರ್ವಿಸ್ ಎದ್ದಿದೆಯೇ, ಡಿಸ್ಕ್ ಮೌಂಟ್ ಆಗಿದೆಯೇ, ಫೈರ್‌ವಾಲ್ ಆನ್ ಇದೆಯೇ ಒಂದೊಂದಾಗಿ ನೋಡಿ. ಎಷ್ಟೋ ಪರೀಕ್ಷೆಗಳಲ್ಲಿ ಮೌಲ್ಯಮಾಪನ ನಡೆಯುವುದು ರೀಬೂಟ್ ಆದ ಮೇಲೆಯೇ. ‘ಎನೇಬಲ್’ ಮರೆತವರ ಅಂಕ ಹೋಗುವುದು ಅಲ್ಲಿ.